ಅನ್ಯಗ್ರಹ ಜೀವಿಗಳ ಸುದ್ದಿ: ಮೊದಲ ದಿನದ ಗದ್ದಲ ಮುಗಿದ ಮೇಲೆ

ಭೂಮಿಯಾಚೆ ಜೀವವಿದೆಯೇ ಎಂಬ ಪ್ರಶ್ನೆ 2025ರಲ್ಲಿ ಮೂರು ಸಲ ಮುಖಪುಟಕ್ಕೆ ಬಂದಿತು. ಏಪ್ರಿಲ್ ತಿಂಗಳಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಖಗೋಳವಿಜ್ಞಾನಿ ನಿಕ್ಕು ಮಧುಸೂದನ್ ಅವರ ತಂಡ, 124 ಜ್ಯೋತಿರ್ವರ್ಷ ದೂರದಲ್ಲಿರುವ ಕೆ2-18ಬಿ ಎಂಬ ಗ್ರಹದ ವಾತಾವರಣದಲ್ಲಿ ಜೀವದ ಇರವನ್ನು ಸೂಚಿಸಬಹುದಾದ ಅನಿಲವೊಂದರ ಸುಳಿವು ಸಿಕ್ಕಿದೆಯೆಂದು ಪ್ರಕಟಿಸಿತು. ಜುಲೈ 1ರಂದು ಚಿಲಿ ದೇಶದ ದೂರದರ್ಶಕವೊಂದು, ಬೇರೊಂದು ನಕ್ಷತ್ರದ ಕಡೆಯಿಂದ ಬಂದು ನಮ್ಮ ಸೌರವ್ಯೂಹವನ್ನು ಹಾಯ್ದುಹೋಗುತ್ತಿದ್ದ ಕಾಯವನ್ನು ಪತ್ತೆಹಚ್ಚಿತು. 3ಐ/ಅಟ್ಲಾಸ್ ಎಂಬ ಹೆಸರು ಪಡೆದ ಅದು ಅನ್ಯಗ್ರಹವಾಸಿಗಳ ನೌಕೆಯೇ ಇರಬೇಕೆಂಬ ಗುಲ್ಲು ವರ್ಷದ ಕೊನೆಯವರೆಗೂ ಅಡಗಲಿಲ್ಲ. ಸೆಪ್ಟೆಂಬರ್ 10ರಂದು ನಾಸಾ, ಮಂಗಳ ಗ್ರಹದ ಬಂಡೆಯೊಂದರ ಮೇಲಿನ ಚುಕ್ಕೆಗಳು ಪುರಾತನ ಸೂಕ್ಷ್ಮಜೀವಿಗಳ ಗುರುತಾಗಿರುವ ಸಾಧ್ಯತೆಯಿದೆ ಎಂದು ಹೇಳಿತು.

ಈ ಬಗೆಯ ಸುದ್ದಿಗಳಿಗೆ ನಮ್ಮಲ್ಲಿ ಒಂದು ಸಿದ್ಧ ದಾರಿಯಿದೆ. ಮೊದಲ ದಿನ ‘ಸಿಕ್ಕೇಬಿಟ್ಟಿತು’ ಎಂಬ ಸಂಭ್ರಮ. ಒಂದೆರಡು ವಾರದಲ್ಲಿ ‘ಏನೂ ಇಲ್ಲವಂತೆ’ ಎಂಬ ಸಣ್ಣಕ್ಷರದ ಸುದ್ದಿ. ಆಮೇಲೆ ಪೂರ್ಣ ಮರೆವು. ಇದನ್ನು ಕಂಡು ವಿಜ್ಞಾನದ ಪರವಾಗಿ ಬರೆಯುವವರಲ್ಲಿ ಅನೇಕರು ಜನರ ಕುತೂಹಲವನ್ನೇ ಹಳಿಯುತ್ತಾರೆ: ಹಾರುವ ತಟ್ಟೆಯ ಕಥೆಗಳಿಗೆ ಬಾಯಿಬಿಡುವ ಜನಕ್ಕೆ ನಿಜವಾದ ಖಗೋಳವಿಜ್ಞಾನ ಬೇಡವಾಗಿದೆ ಎಂಬುದು ಅವರ ದೂರು. ಈ ದೂರು ಸರಿಯಾದ ಕಡೆಗೆ ಬೆರಳು ಮಾಡುತ್ತಿಲ್ಲವೆಂದು ನನ್ನ ಭಾವನೆ. ಅನ್ಯಗ್ರಹ ಜೀವಿಗಳ ಬಗೆಗಿನ ಮೋಹದಿಂದ ಖಗೋಳವಿಜ್ಞಾನ ಕಳೆದುಕೊಂಡದ್ದಕ್ಕಿಂತ ಗಳಿಸಿದ್ದೇ ಬಹಳ ಹೆಚ್ಚು. ಕೊರತೆಯಿರುವುದು ಕುತೂಹಲದಲ್ಲಲ್ಲ, ಅದನ್ನು ಕಥೆಯ ಅರ್ಧಕ್ಕೇ ಕೈಬಿಡುವ ನಮ್ಮ ಅಭ್ಯಾಸದಲ್ಲಿ. ಒಂದು ಊಹೆ ಪರೀಕ್ಷೆಗೆ ನಿಂತು, ಸೋತು, ಸೋಲುವಾಗ ಬೇರೇನನ್ನೋ ಹೊರಗೆಡಹುವ ಆ ಎರಡನೆಯ ಅರ್ಧವೇ ಹೆಚ್ಚು ರೋಚಕವಾದದ್ದು, ಮತ್ತು ಅದೇ ಓದುಗರಿಗೆ ತಲುಪುತ್ತಿಲ್ಲ.

ಕೆ2-18ಬಿ ಪ್ರಕರಣವನ್ನೇ ಸ್ವಲ್ಪ ಹತ್ತಿರದಿಂದ ನೋಡಬಹುದು. ಸಿಂಹ ರಾಶಿಯ ದಿಕ್ಕಿನಲ್ಲಿರುವ ಒಂದು ಕೆಂಪು ಕುಬ್ಜ ನಕ್ಷತ್ರವನ್ನು ಈ ಗ್ರಹ 33 ದಿನಗಳಿಗೊಮ್ಮೆ ಸುತ್ತುತ್ತದೆ. ವ್ಯಾಸ ಭೂಮಿಯ 2.6 ಪಟ್ಟು, ದ್ರವ್ಯರಾಶಿ ಸುಮಾರು 8.6 ಪಟ್ಟು, ಅಂದರೆ ಇದು ಭೂಮಿಗೂ ನೆಪ್ಚೂನ್‌ಗೂ ನಡುವಿನ, ನಮ್ಮ ಸೌರವ್ಯೂಹದಲ್ಲಿ ಮಾದರಿಯೇ ಇಲ್ಲದ ಬಗೆಯ ಗ್ರಹ. ಇದರ ಚಿತ್ರವನ್ನು ಯಾರೂ ತೆಗೆದಿಲ್ಲ. ಪತ್ರಿಕೆಗಳಲ್ಲಿ ಬಂದ ನೀಲಿ ಗೋಳದ ಚಿತ್ರಗಳೆಲ್ಲ ಕಲಾವಿದರ ಕಲ್ಪನೆ. ನಮಗೆ ದೊರೆಯುವುದು ನಕ್ಷತ್ರದ ಬೆಳಕು ಮಾತ್ರ. ಗ್ರಹವು ನಕ್ಷತ್ರದ ಮುಂದೆ ಹಾಯುವಾಗ ಆ ಬೆಳಕು ಸಾವಿರಕ್ಕೆ ಮೂರು ಪಾಲಿನಷ್ಟು ಕುಂದುತ್ತದೆ. ಆ ಹೊತ್ತಿನಲ್ಲಿ ಒಂದಿಷ್ಟು ಬೆಳಕು ಗ್ರಹದ ಅಂಚಿನ ವಾತಾವರಣದ ಮೂಲಕ ಸೋಸಿಬರುತ್ತದೆ. ಅಲ್ಲಿರುವ ಪ್ರತಿಯೊಂದು ಅನಿಲವೂ ತನಗೆ ಒಪ್ಪುವ ತರಂಗಾಂತರಗಳನ್ನು ಹೀರಿಕೊಳ್ಳುತ್ತದೆ. ಹೀಗಾಗಿ ಒಂದು ತರಂಗಾಂತರದಲ್ಲಿ ಗ್ರಹ ತುಸು ದೊಡ್ಡದಾಗಿಯೂ ಇನ್ನೊಂದರಲ್ಲಿ ತುಸು ಚಿಕ್ಕದಾಗಿಯೂ ಕಾಣುತ್ತದೆ, ಮತ್ತು ಆ ವ್ಯತ್ಯಾಸವು ಮೊದಲೇ ಅತ್ಯಲ್ಪವಾದ ಕುಂದಿನ ಒಂದು ಸಣ್ಣ ಭಾಗ ಮಾತ್ರ. ಜೇಮ್ಸ್ ವೆಬ್ ದೂರದರ್ಶಕ ಅಳೆಯುವುದು ಇಷ್ಟನ್ನೇ. ಉಳಿದದ್ದೆಲ್ಲ ಗಣಕದ ಮಾದರಿಗಳ ಕೆಲಸ.

2023ರಲ್ಲಿ ಇದೇ ತಂಡ ವೆಬ್ ದೂರದರ್ಶಕದ ನೆರವಿನಿಂದ ಈ ಗ್ರಹದಲ್ಲಿ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಇರುವುದನ್ನು ತೋರಿಸಿತ್ತು. ಅದು ಗಟ್ಟಿಯಾದ ಫಲಿತಾಂಶ. ಅದಕ್ಕೂ ಮೊದಲು, 2019ರಲ್ಲಿ, ಹಬಲ್ ದೂರದರ್ಶಕದ ಅಳತೆಗಳ ಆಧಾರದ ಮೇಲೆ ಇಲ್ಲಿ ನೀರಾವಿ ಸಿಕ್ಕಿತೆಂದು ಜಗತ್ತೆಲ್ಲ ಹಬ್ಬ ಮಾಡಿತ್ತು; ಹಬಲ್ ಕಂಡದ್ದು ನೀರಾವಿಯಲ್ಲ, ಮೀಥೇನ್ ಆಗಿರಬೇಕೆಂದು ವೆಬ್ ತೋರಿಸಿಕೊಟ್ಟಿತು. ಆ ತಿದ್ದುಪಡಿ ಎಷ್ಟು ಜನಕ್ಕೆ ತಲುಪಿತೋ ಹೇಳಲಾಗದು. 2025ರ ಏಪ್ರಿಲ್‌ನ ಪ್ರಬಂಧದಲ್ಲಿ ತಂಡವು ವೆಬ್‌ನ ಇನ್ನೊಂದು ಉಪಕರಣವನ್ನು, ಬೇರೆಯದೇ ಅವಕೆಂಪು ತರಂಗಾಂತರಗಳಲ್ಲಿ ಬಳಸಿ, ಡೈಮಿಥೈಲ್ ಸಲ್ಫೈಡ್ ಅಥವಾ ಅದರ ಹತ್ತಿರದ ಬಂಧು ಡೈಮಿಥೈಲ್ ಡೈಸಲ್ಫೈಡ್, ಇಲ್ಲವೇ ಎರಡೂ ಇರುವ ಸುಳಿವನ್ನು ಮುಂದಿಟ್ಟಿತು. ಭೂಮಿಯ ಮೇಲೆ ಡೈಮಿಥೈಲ್ ಸಲ್ಫೈಡ್ ಹುಟ್ಟುವುದು ಹೆಚ್ಚಾಗಿ ಸಮುದ್ರದಲ್ಲಿ ತೇಲುವ ಸೂಕ್ಷ್ಮ ಸಸ್ಯಜೀವಿಗಳಿಂದ. ಕಡಲ ಗಾಳಿಯ ವಿಶಿಷ್ಟ ವಾಸನೆಯಲ್ಲಿ ಇದರ ಪಾಲಿದೆ. ಜಲಜನಕ ತುಂಬಿದ ವಾತಾವರಣದ ಕೆಳಗೆ ಬೆಚ್ಚಗಿನ ಸಾಗರವಿರುವ ಗ್ರಹಗಳಿರಬಹುದು, ಅವುಗಳಲ್ಲಿ ಜೀವ ನೆಲೆಗೊಳ್ಳಬಹುದು ಎಂಬ ಕಲ್ಪನೆಯನ್ನು 2021ರಲ್ಲಿ ಮಂಡಿಸಿ ಅವಕ್ಕೆ ‘ಹೈಷಿಯನ್’ ಎಂದು ಹೆಸರಿಟ್ಟವರೂ ಮಧುಸೂದನ್ ಅವರೇ. ವಾರಾಣಸಿಯಲ್ಲಿ ಎಂಜಿನಿಯರಿಂಗ್ ಓದಿ, ಅಮೆರಿಕದ ಎಂಐಟಿಯಲ್ಲಿ ಸಂಶೋಧನೆ ಮಾಡಿದ ಇವರು ಭಾರತದಲ್ಲಿ ಹುಟ್ಟಿದವರೆಂಬ ಕಾರಣಕ್ಕೆ ನಮ್ಮ ಪತ್ರಿಕೆಗಳ ಸಂಭ್ರಮ ಇನ್ನಷ್ಟು ಹೆಚ್ಚಾಯಿತು.

ಗದ್ದಲವೆದ್ದದ್ದು ಒಂದು ಸಂಖ್ಯೆಯ ಸುತ್ತ. ತಂಡವು ತನ್ನ ಫಲಿತಾಂಶಕ್ಕೆ ‘ಮೂರು ಸಿಗ್ಮಾ’ ಬಲವಿದೆ ಎಂದಿತು. ಇಂತಹ ಸಂಕೇತ ಕೇವಲ ಆಕಸ್ಮಿಕವಾಗಿ ಮೂಡುವ ಸಂಭವ ಶೇ. 0.3 ಎಂದು ಅದರ ಅರ್ಥ. ಇದು ಸುದ್ದಿಮನೆಗಳಲ್ಲಿ ‘ಜೀವ ಇರುವ ಸಂಭವ ಶೇ. 99.7’ ಎಂದು ತಿರುಗಿಹೋಯಿತು. ಎರಡು ಮಾತಿಗೂ ಅಜಗಜಾಂತರ ವ್ಯತ್ಯಾಸವಿದೆ. ಅಳತೆಯ ಗದ್ದಲದಿಂದಲೇ ಈ ಸಂಕೇತ ಹುಟ್ಟಿರುವುದು ಕಷ್ಟ ಎಂದಷ್ಟೇ ಆ ಸಂಖ್ಯೆ ಹೇಳುತ್ತದೆ. ಸಂಕೇತ ಕೊಟ್ಟ ಅನಿಲ ಯಾವುದು, ಅದನ್ನು ಹುಟ್ಟಿಸಿದ್ದು ಯಾವುದು ಎಂಬ ಪ್ರಶ್ನೆಗಳಿಗೆ ಅದು ಉತ್ತರವಲ್ಲ. ಭೌತವಿಜ್ಞಾನದಲ್ಲಿ ಹೊಸ ಶೋಧವೆಂದು ಒಪ್ಪಲು ಐದು ಸಿಗ್ಮಾ ಬೇಕು, ಅಂದರೆ ಆಕಸ್ಮಿಕದ ಸಂಭವ ಹತ್ತು ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆಯಿರಬೇಕು. ಇದನ್ನು ಆ ತಂಡವೂ ಮೊದಲ ದಿನವೇ ಹೇಳಿತ್ತು.

ಮುಂದಿನ ತಿಂಗಳುಗಳಲ್ಲಿ ನಡೆದದ್ದು ಇನ್ನೂ ಸ್ವಾರಸ್ಯಕರ. ಆಕ್ಸ್‌ಫರ್ಡ್‌ನ ಒಬ್ಬ ಸಂಶೋಧಕರು ಅದೇ ದತ್ತಾಂಶವನ್ನು ಯಾವ ಅನಿಲವನ್ನೂ ಮೊದಲೇ ಊಹಿಸದೆ ಪರೀಕ್ಷಿಸಿದರು. ಒಂದು ನೇರ ಗೆರೆ ಎಳೆದರೂ ಆ ಬಿಂದುಗಳಿಗೆ ಹೊಂದುತ್ತದೆ, ಅಲ್ಲಿ ಏರಿಳಿತವಿದೆಯೆಂದು ಹೇಳಲು ಸಾಕಷ್ಟು ಆಧಾರವಿಲ್ಲ ಎಂದರು. ಷಿಕಾಗೋ ವಿಶ್ವವಿದ್ಯಾಲಯದ ತಂಡವೊಂದು ಈ ಗ್ರಹದ ಬಗ್ಗೆ ವೆಬ್ ಸಂಗ್ರಹಿಸಿದ ಎಲ್ಲ ಅಳತೆಗಳನ್ನು ಒಟ್ಟುಗೂಡಿಸಿ ನೋಡಿತು. ಸಂಕೇತ ಬಲಗೊಳ್ಳುವ ಬದಲು ಮಸುಕಾಯಿತು. ಮೂರನೆಯ ಗುಂಪು ತೊಂಬತ್ತು ಅನಿಲಗಳನ್ನು ಒಂದೊಂದಾಗಿ ಹಚ್ಚಿನೋಡಿ, ಅವುಗಳಲ್ಲಿ ಅನೇಕವು ಅಷ್ಟೇ ಚೆನ್ನಾಗಿ ಹೊಂದುತ್ತವೆಂದು ತೋರಿಸಿತು. ಮಧುಸೂದನ್ ತಂಡವೂ ಸುಮ್ಮನೆ ಕೂರದೆ 650 ರಾಸಾಯನಿಕಗಳ ದೊಡ್ಡ ಪಟ್ಟಿಯೊಂದನ್ನು ಪರೀಕ್ಷಿಸಿ, ತನ್ನ ಊಹೆ ಇನ್ನೂ ಮುಂಚೂಣಿಯಲ್ಲಿದೆ ಎಂದು ವಾದಿಸಿತು. ಇಲ್ಲಿನ ತೊಡಕು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದೇ: ಪಕ್ಕದ ಮನೆಯ ಒಗ್ಗರಣೆಯ ವಾಸನೆ ಬಂದರೆ ಸಾಸಿವೆ ಸಿಡಿಯಿತೆಂದು ಹೇಳಬಹುದು, ಆದರೆ ಕೆಳಗಿರುವುದು ಸಾರೋ ಪಲ್ಯವೋ ಚಿತ್ರಾನ್ನವೋ ಎಂದು ಪಣ ಕಟ್ಟಲಾಗದು. ಇಂಗಾಲ ಮತ್ತು ಜಲಜನಕಗಳ ಒಂದೇ ಬಗೆಯ ಬಂಧವಿರುವ ನೂರಾರು ಅಣುಗಳು ಅವಕೆಂಪಿನಲ್ಲಿ ಹತ್ತಿರ ಹತ್ತಿರದ ಗುರುತುಗಳನ್ನೇ ಬಿಡುತ್ತವೆ.

ಹೋಗಲಿ, ಡೈಮಿಥೈಲ್ ಸಲ್ಫೈಡ್ ಇದ್ದೇ ಇದೆ ಎಂದಿಟ್ಟುಕೊಳ್ಳೋಣ. ಅದು ಜೀವದ್ದೇ ಎಂದು ಹೇಳಬಹುದೇ? ರೊಸೆಟ್ಟಾ ನೌಕೆ ಸಂಗ್ರಹಿಸಿದ್ದ ದತ್ತಾಂಶದಲ್ಲಿ ವಿಜ್ಞಾನಿಗಳು 2024ರಲ್ಲಿ ಇದೇ ಅನಿಲವನ್ನು ಗುರುತಿಸಿದರು, ಅದೂ 67ಪಿ ಎಂಬ ಧೂಮಕೇತುವಿನಲ್ಲಿ. ಹಿಮ, ಧೂಳು ಬಿಟ್ಟು ಮತ್ತೇನೂ ಇಲ್ಲದ ಅಲ್ಲಿ ಕಡಲ ಜೀವಿಗಳಿರುವ ಪ್ರಶ್ನೆಯೇ ಇಲ್ಲ. ಪ್ರಯೋಗಾಲಯದಲ್ಲಿ ಮೀಥೇನ್ ಇತ್ಯಾದಿ ಅನಿಲಗಳ ಮಿಶ್ರಣಕ್ಕೆ ನೇರಳಾತೀತ ಬೆಳಕು ಹಾಯಿಸಿದಾಗಲೂ ಇದು ಹುಟ್ಟಿತು. ಗ್ರಹದ ಮೇಲೆ ಸಾಗರವಿದೆಯೆಂಬುದೂ ಇತ್ಯರ್ಥವಾದ ವಿಷಯವಲ್ಲ. ಅಲ್ಲಿ ಕರಗಿದ ಶಿಲೆಯ ಸಾಗರವಿರಬಹುದು, ಇಲ್ಲವೇ ಅದು ನೆಲವೇ ಇಲ್ಲದ ಕಿರಿಯ ನೆಪ್ಚೂನ್ ಆಗಿರಬಹುದು ಎಂದು ವಾದಿಸುವ ಪ್ರಬಂಧಗಳೂ ಇವೆ. ಜೀವದ ಹಕ್ಕುಸಾಧನೆ ಇಲ್ಲಿಗೆ ಬಹುಮಟ್ಟಿಗೆ ಕುಸಿದಂತೆಯೇ. ಆದರೆ ಈ ಜಗಳದಿಂದಾಗಿ ದೂರದ ಗ್ರಹದ ರೋಹಿತವನ್ನು, ಅಂದರೆ ತರಂಗಾಂತರಗಳಾಗಿ ಬಿಡಿಸಿದ ಬೆಳಕನ್ನು, ಹೇಗೆ ಓದಬೇಕು, ಎಷ್ಟು ಮಾದರಿಗಳನ್ನು ಎದುರುಬದುರಿಟ್ಟು ಹೋಲಿಸಬೇಕು, ಯಾವ ಅಣುಗಳ ಪ್ರಯೋಗಾಲಯದ ಅಳತೆಗಳು ನಮ್ಮಲ್ಲಿ ಇಲ್ಲ ಎಂಬ ವಿಷಯಗಳಲ್ಲಿ ಆ ವಿಜ್ಞಾನ ಶಾಖೆ ಅಲ್ಪಕಾಲದಲ್ಲಿ ಎಷ್ಟೋ ಮುಂದೆ ಹೋಯಿತು. ‘ಜೀವ’ ಎಂಬ ಮಾತು ಬಾರದೇ ಇದ್ದಿದ್ದರೆ ಇಷ್ಟು ಗುಂಪುಗಳು ಒಂದೇ ಗ್ರಹದ ಅಳತೆಗಳ ಮೇಲೆ ಹೀಗೆ ಮುಗಿಬೀಳುತ್ತಿರಲಿಲ್ಲ.

3ಐ/ಅಟ್ಲಾಸ್‌ನ ಕಥೆಗೆ ಇಷ್ಟು ಗೌರವ ಸಲ್ಲುವುದಿಲ್ಲ. 2017ರ ಔಮುಆಮುಆ, 2019ರ ಬೊರಿಸೊವ್ ನಂತರ ಅದು ನಕ್ಷತ್ರಾಂತರ ಲೋಕದಿಂದ ಬಂದ ಮೂರನೆಯ ಅತಿಥಿ. ಅಷ್ಟೇ ಸಾಕಿತ್ತು ಕುತೂಹಲಕ್ಕೆ. ಹಾರ್ವರ್ಡ್‌ನ ಖಗೋಳವಿಜ್ಞಾನಿ ಅವಿ ಲೋಬ್ ಅದು ಕೃತಕ ವಸ್ತುವಾಗಿರಬಹುದೆಂದು ಮತ್ತೆ ಮತ್ತೆ ಬರೆದರು. ಅಕ್ಟೋಬರ್ ಆರಂಭದಲ್ಲಿ ಮಂಗಳದ ಕಕ್ಷೆಯಲ್ಲಿರುವ ನೌಕೆಯೊಂದು ತೆಗೆದ ಚಿತ್ರಗಳು, ಅಮೆರಿಕದ ಸರ್ಕಾರಿ ಕಚೇರಿಗಳು ಅನುದಾನವಿಲ್ಲದೆ ಮುಚ್ಚಿದ್ದರಿಂದ, ನವೆಂಬರ್ 19ರವರೆಗೆ ಹೊರಬರಲಿಲ್ಲ. ‘ಏನನ್ನೋ ಮುಚ್ಚಿಡುತ್ತಿದ್ದಾರೆ’ ಎನ್ನುವವರಿಗೆ ಅಷ್ಟು ಸಾಕಾಯಿತು. ಇದರ ನಡುವೆ ದಕ್ಷಿಣ ಆಫ್ರಿಕಾದ ಮೀರ್‌ಕ್ಯಾಟ್ ರೇಡಿಯೊ ದೂರದರ್ಶಕ ಆ ಕಾಯದ ದಿಕ್ಕಿನಲ್ಲಿ ಗುರುತೊಂದನ್ನು ಹಿಡಿದಾಗ ‘ಅನ್ಯಗ್ರಹ ನೌಕೆಯಿಂದ ರೇಡಿಯೊ ಸಂಕೇತ’ ಎಂಬ ಶೀರ್ಷಿಕೆಗಳು ಬಂದವು. ಅದು ಹೈಡ್ರಾಕ್ಸಿಲ್ ಅಣುಗಳ ಗುರುತು. ಧೂಮಕೇತುವಿನ ಹಿಮ ಆವಿಯಾಗಿ, ಆ ನೀರಿನ ಅಣುವನ್ನು ಸೂರ್ಯನ ಬೆಳಕು ಒಡೆದಾಗ ಉಳಿಯುವ ತುಣುಕದು. ಧೂಮಕೇತುವೆಂದು ಸಾರಿಹೇಳುವ ಸಾಕ್ಷಿಯೇ ನೌಕೆಯ ಸಾಕ್ಷಿಯೆಂದು ಪ್ರಚಾರವಾದದ್ದು ಆ ವರ್ಷದ ವಿಪರ್ಯಾಸಗಳಲ್ಲೊಂದು. ಧೂಮಕೇತು ಕಂಡರೆ ರಾಜ್ಯಕ್ಕೆ ಕೇಡು ಎನ್ನುತ್ತಿದ್ದ ಕಾಲದಿಂದ ಅದು ನೌಕೆಯಿರಬಹುದೇ ಎನ್ನುವ ಕಾಲಕ್ಕೆ ಬಂದಿದ್ದೇವೆ. ಅದನ್ನು ಪ್ರಗತಿಯೆಂದು ಕರೆಯುವುದಾದರೆ ನನ್ನದೇನೂ ಅಭ್ಯಂತರವಿಲ್ಲ.

ಮೋಹವು ವಿಜ್ಞಾನಕ್ಕೆ ಹೇಗೆ ದುಡಿಯುತ್ತದೆಂಬುದನ್ನು ಅರಿಯಲು 1967ಕ್ಕೆ ಹೋಗಬೇಕು. ಕೇಂಬ್ರಿಡ್ಜ್ ಹೊರವಲಯದ ನಾಲ್ಕೂವರೆ ಎಕರೆ ಹೊಲದಲ್ಲಿ ಕಂಬ ನೆಟ್ಟು ತಂತಿ ಎಳೆದು ಕಟ್ಟಿದ ರೇಡಿಯೊ ದೂರದರ್ಶಕವೊಂದರ ದಾಖಲೆಗಳನ್ನು ಸಂಶೋಧನಾ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ನೋಡುತ್ತಿದ್ದರು. ಪ್ರತಿದಿನ ಮೂವತ್ತು ಮೀಟರಿನಷ್ಟು ಉದ್ದದ ಕಾಗದದ ಸುರುಳಿ ಹೊರಬರುತ್ತಿತ್ತು. ಅದರ ಮೇಲೆ ಪೆನ್ನು ಗೀಚಿದ ಗೆರೆಗಳನ್ನು ಕಣ್ಣಿನಿಂದಲೇ ಪರಿಶೀಲಿಸಬೇಕಿತ್ತು. ಅದರಲ್ಲಿ ಅರ್ಧ ಅಂಗುಲಕ್ಕೂ ಕಡಿಮೆ ಜಾಗದ ಒಂದು ಗಜಿಬಿಜಿ, ನಕ್ಷತ್ರವೂ ಅಲ್ಲದ, ಮನುಷ್ಯರ ಯಂತ್ರಗಳ ಕಿರಿಕಿರಿಯೂ ಅಲ್ಲದ ಒಂದು ಗುರುತು, ಆಕಾಶದ ಒಂದೇ ಜಾಗದಿಂದ ಮತ್ತೆ ಮತ್ತೆ ಬರುತ್ತಿರುವುದು ಅವರ ಗಮನಕ್ಕೆ ಬಂದಿತು. ಕಾಗದದ ವೇಗ ಹೆಚ್ಚಿಸಿ ನೋಡಿದಾಗ ಅದು 1.33 ಸೆಕೆಂಡಿಗೊಮ್ಮೆ, ಗಡಿಯಾರವೂ ನಾಚುವಷ್ಟು ನಿಯತವಾಗಿ ಮಿಡಿಯುತ್ತಿತ್ತು. ಪ್ರಕೃತಿಯಲ್ಲಿ ಇಂಥದ್ದನ್ನು ಯಾರೂ ಕಂಡಿರಲಿಲ್ಲ. ಅರ್ಧ ತಮಾಷೆಗೆ, ಅರ್ಧ ಆತಂಕದಿಂದ, ಅವರು ಅದಕ್ಕೆ ‘ಪುಟ್ಟ ಹಸಿರು ಮನುಷ್ಯರು’ ಎಂಬ ಅರ್ಥದ ಎಲ್‌ಜಿಎಂ-1 ಎಂಬ ಗುರುತು ಕೊಟ್ಟರು.

ಮುಂದೆ ಅವರು ನಡೆದುಕೊಂಡ ರೀತಿ ಗಮನಾರ್ಹವಾದದ್ದು. ಸಂಕೇತ ಕಳಿಸುವವರು ಯಾವುದೋ ಗ್ರಹದ ಮೇಲಿದ್ದರೆ ಆ ಗ್ರಹ ತನ್ನ ಸೂರ್ಯನನ್ನು ಸುತ್ತುತ್ತಿರಬೇಕು; ಸುತ್ತುತ್ತಿದ್ದರೆ ಮಿಡಿತದ ಅಂತರ ಕ್ರಮಬದ್ಧವಾಗಿ ಹಿಗ್ಗಿ ಕುಗ್ಗಬೇಕು. ಬೆಲ್ ಅವರ ಮಾರ್ಗದರ್ಶಕ ಆಂಟನಿ ಹ್ಯೂಯಿಷ್ ಅದನ್ನೇ ಹುಡುಕಿದರು. ಭೂಮಿಯ ಚಲನೆಯಿಂದಾದ ವ್ಯತ್ಯಾಸ ಬಿಟ್ಟರೆ ಬೇರೇನೂ ಸಿಗಲಿಲ್ಲ. ಡಿಸೆಂಬರ್ ಕೊನೆಗೆ ಬೆಲ್ ಆಕಾಶದ ಇನ್ನೊಂದು ಮೂಲೆಯಲ್ಲಿ ಅಂಥದ್ದೇ ಮತ್ತೊಂದು ಮಿಡಿತವನ್ನು ಕಂಡರು. ಎರಡು ಬೇರೆ ಬೇರೆ ಲೋಕದ ಜನ ಒಂದೇ ಹೊತ್ತಿಗೆ, ಒಂದೇ ತಂತ್ರದಿಂದ ನಮ್ಮನ್ನು ಕೂಗುತ್ತಿದ್ದಾರೆ ಎಂಬುದು ನಂಬುವ ಮಾತಾಗಿರಲಿಲ್ಲ. 1968ರ ಫೆಬ್ರವರಿಯಲ್ಲಿ ಪ್ರಕಟವಾದ ಆ ಶೋಧವೇ ಪಲ್ಸಾರ್: ಸೂರ್ಯನಿಗಿಂತ ಹೆಚ್ಚಿನ ದ್ರವ್ಯ ಒಂದು ಊರಿನಷ್ಟು ಜಾಗಕ್ಕೆ ಕುಸಿದು, ತನ್ನ ಸುತ್ತ ತಾನೇ ರಭಸದಿಂದ ತಿರುಗುವ ನ್ಯೂಟ್ರಾನ್ ನಕ್ಷತ್ರ. ಅನ್ಯಗ್ರಹವಾಸಿಗಳ ಊಹೆ ಬಿದ್ದುಹೋಯಿತು. ಆದರೆ ಬೀಳಿಸಲು ಬಳಸಿದ ಪರೀಕ್ಷೆ ಎಷ್ಟು ಹರಿತವಾಗಿತ್ತೆಂದರೆ, ಅದೇ ಪರೀಕ್ಷೆ, ಅಂದರೆ ಮಿಡಿತದ ಅಂತರ ಹಿಗ್ಗಿ ಕುಗ್ಗುತ್ತದೆಯೇ ಎಂದು ನೋಡುವುದು, 1992ರಲ್ಲಿ ಇನ್ನೊಂದು ಪಲ್ಸಾರ್‌ನ ಮೇಲೆ ಫಲ ಕೊಟ್ಟಿತು. ಸೌರವ್ಯೂಹದ ಹೊರಗೆ ಮೊದಲು ಖಚಿತಗೊಂಡ ಗ್ರಹಗಳು ಹಾಗೆ ಸಿಕ್ಕವು. ಅಂತಹ ಗ್ರಹಗಳ ಸಂಖ್ಯೆ 2025ರ ಸೆಪ್ಟೆಂಬರ್‌ನಲ್ಲಿ 6,000 ಮುಟ್ಟಿದೆ.

ಈ ಕಥೆಯ ಒಂದು ಎಳೆ ಬೆಂಗಳೂರಿಗೂ ಬರುತ್ತದೆ. ಪಲ್ಸಾರ್ ಏಕೆ ಮಿಡಿಯುತ್ತದೆ, ಅದರ ಕಿರಣ ಎಲ್ಲಿಂದ ಹೊಮ್ಮುತ್ತದೆ ಎಂಬ ಪ್ರಶ್ನೆಗೆ ಆಗ ಹತ್ತಾರು ಸಿದ್ಧಾಂತಗಳಿದ್ದವು. ಆಸ್ಟ್ರೇಲಿಯದಲ್ಲಿದ್ದ ವಿ. ರಾಧಾಕೃಷ್ಣನ್, ವೇಲಾ ಪಲ್ಸಾರ್‌ನ ರೇಡಿಯೊ ಅಲೆಗಳ ಧ್ರುವೀಕರಣ (ಅಲೆ ಕಂಪಿಸುವ ದಿಕ್ಕು) ಒಂದೊಂದು ಮಿಡಿತದೊಳಗೂ ನಯವಾಗಿ ತಿರುಗುವುದನ್ನು 1969ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ತೋರಿಸಿ, ಕಿರಣ ಹೊಮ್ಮುವುದು ನಕ್ಷತ್ರದ ಕಾಂತಧ್ರುವದ ಬಳಿಯಿಂದ ಎಂದು ವಾದಿಸಿದರು. ಆ ವಿವರಣೆ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. 1972ರಲ್ಲಿ ಅವರು ತಮ್ಮ ತಂದೆ ಸಿ. ವಿ. ರಾಮನ್ ಸ್ಥಾಪಿಸಿದ್ದ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರ್ ದೂರದ ಗೌರಿಬಿದನೂರಿನಲ್ಲಿ ರಾಮನ್ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಜೊತೆಗೂಡಿ ಕಟ್ಟಿದ ರೇಡಿಯೊ ದೂರದರ್ಶಕ, 34.5 ಮೆಗಾಹರ್ಟ್ಸ್‌ನಂಥ ತೀರ ಕೆಳಗಿನ ಆವರ್ತನದಲ್ಲಿ ಪಲ್ಸಾರ್‌ಗಳನ್ನು ಆಲಿಸಿತು. ಅಂದು ಕೇಂಬ್ರಿಡ್ಜ್‌ನಲ್ಲಿ ಹಸಿರು ಮನುಷ್ಯರೆಂದು ತಮಾಷೆಗೆ ಒಳಗಾದ ಸಂಕೇತದ ಜಾತಿಯನ್ನೇ ಕೆಲವು ವರ್ಷಗಳ ಬಳಿಕ ಕರ್ನಾಟಕದ ಹೊಲಗಳ ನಡುವೆ ನಿಂತ ತಂತಿಗಳು ಹಿಡಿಯುತ್ತಿದ್ದವು.

ಇಂತಹ ಉದಾಹರಣೆಗಳು ಬೇಕಾದಷ್ಟಿವೆ. ಮಂಗಳದ ಮೇಲೆ ಬುದ್ಧಿವಂತ ಜೀವಿಗಳು ಕಾಲುವೆ ತೋಡಿದ್ದಾರೆಂದು ನಂಬಿದ ಪರ್ಸಿವಲ್ ಲೋವೆಲ್ ಎಂಬ ಶ್ರೀಮಂತ, ಅವನ್ನು ನೋಡಲೆಂದೇ 1894ರಲ್ಲಿ ಅರಿಜೋನಾದ ಫ್ಲಾಗ್‌ಸ್ಟಾಫ್‌ನಲ್ಲಿ ವೀಕ್ಷಣಾಲಯ ಕಟ್ಟಿಸಿದ. ಕಾಲುವೆಗಳು ಕಣ್ಣಿನ ಭ್ರಮೆಯಾಗಿದ್ದವು. ವೀಕ್ಷಣಾಲಯ ಮಾತ್ರ ಭ್ರಮೆಯಾಗಿರಲಿಲ್ಲ: ಅಲ್ಲಿಯೇ ವೆಸ್ಟೊ ಸ್ಲೈಫರ್ 1912ರಿಂದ ಆರಂಭಿಸಿ ಗೆಲಾಕ್ಸಿಗಳ ವೇಗ ಅಳೆದು, ಬ್ರಹ್ಮಾಂಡ ಹಿಗ್ಗುತ್ತಿದೆ ಎಂಬ ತಿಳಿವಳಿಕೆಗೆ ಬುನಾದಿ ಹಾಕಿದ, ಅಲ್ಲಿಯೇ 1930ರಲ್ಲಿ ಪ್ಲೂಟೊ ಪತ್ತೆಯಾಯಿತು. 1996ರಲ್ಲಿ ಅಂಟಾರ್ಕ್ಟಿಕದಲ್ಲಿ ಸಿಕ್ಕಿದ್ದ ಮಂಗಳದ ಉಲ್ಕಾಶಿಲೆಯೊಂದರಲ್ಲಿ ಸೂಕ್ಷ್ಮಜೀವಿಗಳ ಪಳೆಯುಳಿಕೆಯಿರಬಹುದೆಂಬ ವಾದದ ಬಗ್ಗೆ ಅಮೆರಿಕದ ಅಧ್ಯಕ್ಷರೇ ಶ್ವೇತಭವನದ ಮುಂದೆ ನಿಂತು ಮಾತನಾಡಿದರು. ಆ ವಾದವನ್ನು ಇಂದು ಒಪ್ಪುವವರು ಕಡಿಮೆ. ಆದರೆ ಅದರ ಬೆನ್ನಿಗೇ 1998ರಲ್ಲಿ ನಾಸಾ ಖಗೋಳಜೀವವಿಜ್ಞಾನಕ್ಕೊಂದು ಸಂಸ್ಥೆಯನ್ನೇ ಕಟ್ಟಿತು, ಆ ಶಾಸ್ತ್ರಕ್ಕೆ ಹಣವೂ ಮಾನವೂ ಒಟ್ಟಿಗೆ ಬಂದವು. ಹುಚ್ಚು ಊಹೆಗಳಿಗೆಲ್ಲ ಇಂತಹ ಭಾಗ್ಯ ಸಿಗುವುದಿಲ್ಲ ಎಂಬುದೂ ನಿಜ. ಪರೀಕ್ಷೆಗೆ ಒಡ್ಡಿಕೊಳ್ಳುವ ಹುಚ್ಚು ಮಾತ್ರ ಹೀಗೆ ಫಲ ಕೊಡುತ್ತದೆ; ಲೋವೆಲ್‌ನ ಕಾಲುವೆಗಳು ಇವೆಯೋ ಇಲ್ಲವೋ ಎಂದು ದೊಡ್ಡ ದೂರದರ್ಶಕಗಳಿಂದ ನೋಡಬಹುದಾಗಿತ್ತು, ಕೊನೆಗೆ 1965ರಲ್ಲಿ ಮ್ಯಾರಿನರ್-4 ನೌಕೆ ಹತ್ತಿರ ಹೋಗಿ ಕುಳಿಗಳ ಚಿತ್ರ ತೆಗೆದು ವಿವಾದಕ್ಕೆ ತೆರೆ ಎಳೆಯಿತು. ಸರ್ಕಾರ ಎಲ್ಲವನ್ನೂ ಬಚ್ಚಿಟ್ಟಿದೆ ಎನ್ನುವವರ ವಾದಕ್ಕೆ ಅಂತಹ ತೆರೆ ಬೀಳುವುದೇ ಇಲ್ಲ, ಏಕೆಂದರೆ ಸಾಕ್ಷಿಯಿಲ್ಲದಿರುವುದನ್ನೇ ಅವರು ಸಾಕ್ಷಿಯೆನ್ನುತ್ತಾರೆ.

ಪರೀಕ್ಷೆಗೆ ಸಿಗದಿದ್ದರೂ ಯಾರೂ ಗೇಲಿ ಮಾಡದ ಇನ್ನೊಂದು ಬಗೆಯ ಮೋಹವೂ ಇದೆ. 1977ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪವಿರುವ ತಾಮ್ರದ ಧ್ವನಿಮುದ್ರಿಕೆಗಳಿವೆ. ಅವುಗಳಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಕನ್ನಡಿಗರ ಪರವಾಗಿ ಶುಭ ಕೋರುವ ಒಂದು ಕನ್ನಡದ ಮಾತೂ ಅವುಗಳಲ್ಲಿ ಸೇರಿದೆ. ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ. ವಾಯೇಜರ್-1 ಈಗ 2,500 ಕೋಟಿ ಕಿಲೋಮೀಟರ್‌ಗಿಂತ ದೂರದಲ್ಲಿದ್ದು, ಅಲ್ಲಿಗೆ ಬೆಳಕು ಹೋಗಿ ತಲುಪಲು ಹತ್ತಿರ ಹತ್ತಿರ ಒಂದು ದಿನ ಬೇಕು. ಇನ್ನು ಸುಮಾರು 40,000 ವರ್ಷಗಳಾದ ಮೇಲೆ ಅದು ಒಂದು ಕೆಂಪು ಕುಬ್ಜ ನಕ್ಷತ್ರದಿಂದ ಒಂದೂವರೆ ಜ್ಯೋತಿರ್ವರ್ಷಕ್ಕಿಂತ ತುಸು ಹೆಚ್ಚು ಅಂತರದಲ್ಲಿ ಹಾದುಹೋಗುತ್ತದೆ. ಯಾರಾದರೂ ಕೇಳಿಸಿಕೊಳ್ಳುತ್ತಾರೆಂಬ ಲೆಕ್ಕಾಚಾರದಿಂದ ಅದನ್ನು ಕಳಿಸಿದವರು ಯಾರೂ ಇಲ್ಲ. ಹೇಳಬೇಕೆನ್ನಿಸಿತು, ಹೇಳಿ ಕಳಿಸಿದರು. ಅನೇಕ ಕೋಟಿ ಬ್ರಹ್ಮಾಂಡಗಳ ಮಾತು ನಿತ್ಯದ ಪಾರಾಯಣದಲ್ಲೇ ಬಂದುಹೋಗುವ ನಾಡಿನವರಿಗೆ ಈ ಮನಸ್ಸು ಅರ್ಥವಾಗದ್ದೇನಲ್ಲ.

ಈಗ ಮಂಗಳದ ಬಂಡೆಗೆ ಬರೋಣ. ಮೂರು ಸುದ್ದಿಗಳಲ್ಲಿ ಅತಿ ಕಡಿಮೆ ಗದ್ದಲವೆಬ್ಬಿಸಿದ್ದು ಇದೇ, ಮತ್ತು ನನ್ನ ದೃಷ್ಟಿಯಲ್ಲಿ ಉಳಿದೆರಡಕ್ಕಿಂತ ತೂಕದ್ದೂ ಇದೇ. ನಾಸಾದ ಸಂಚಾರಿ ವಾಹನ ಪರ್ಸಿವಿಯರೆನ್ಸ್ ರೋವರ್ 2021ರ ಫೆಬ್ರವರಿ 18ರಂದು ಜೆಜೆರೊ ಕುಳಿಯಲ್ಲಿ ಇಳಿಯಿತು. ಬೆಂಗಳೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಸ್ವಾತಿ ಮೋಹನ್ ಅಂದು ಅದರ ಇಳಿತವನ್ನು ಘೋಷಿಸಿದ್ದನ್ನು ಅನೇಕರು ನೋಡಿರಬಹುದು. ಸುಮಾರು 45 ಕಿಲೋಮೀಟರ್ ಅಗಲದ ಈ ಕುಳಿ ಶತಕೋಟಿಗಟ್ಟಲೆ ವರ್ಷಗಳ ಹಿಂದೆ ಸರೋವರವಾಗಿತ್ತು. ಅದಕ್ಕೆ ನೀರು ತರುತ್ತಿದ್ದ ಒಣ ನದಿಯ ಕಣಿವೆಯಲ್ಲಿ ರೋವರ್ 2024ರ ಜುಲೈನಲ್ಲಿ ಒಂದು ಮೀಟರ್ ಉದ್ದದ, ಕೆಂಪು ಬಣ್ಣದ ಕೆಸರುಗಲ್ಲೊಂದನ್ನು ಕಂಡಿತು. ಚೆಯಾವಾ ಫಾಲ್ಸ್ ಎಂದು ಅದಕ್ಕೆ ಹೆಸರಿಟ್ಟರು. ಅದರ ಮೇಲೆ ಕೆಲವೇ ಮಿಲಿಮೀಟರ್ ಅಗಲದ ಮಸುಕು ಚುಕ್ಕೆಗಳು, ಪ್ರತಿ ಚುಕ್ಕೆಗೂ ಕಪ್ಪು ಅಂಚು. ಚಿರತೆಯ ಮೈಮೇಲಿನ ಗುರುತುಗಳಂತೆ ಕಾಣುವುದರಿಂದ ವಿಜ್ಞಾನಿಗಳು ಅವನ್ನು ಚಿರತೆ ಚುಕ್ಕೆಗಳೆಂದೇ ಕರೆದರು. ಕಪ್ಪು ಅಂಚಿನಲ್ಲಿ ಕಬ್ಬಿಣ ಮತ್ತು ರಂಜಕವಿರುವ ವಿವಿಯನೈಟ್, ಚುಕ್ಕೆಯ ಒಳಗೆ ಕಬ್ಬಿಣ ಮತ್ತು ಗಂಧಕವಿರುವ ಗ್ರೈಗೈಟ್ ಇದೆಯೆಂದು ಅಳತೆಗಳು ಸೂಚಿಸಿದವು. ಸುತ್ತಲಿನ ಕೆಸರುಗಲ್ಲಿನಲ್ಲಿ ಸಾವಯವ ಇಂಗಾಲದ ಗುರುತೂ ಸಿಕ್ಕಿತು.

ಇದು ಯಾಕೆ ಮುಖ್ಯವೆಂದರೆ, ಭೂಮಿಯಲ್ಲಿ ಕೆರೆ, ಜೌಗು, ಸಮುದ್ರತಳದ ಗಾಳಿಯಾಡದ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಸಾವಯವ ವಸ್ತುವನ್ನು ಉಂಡು, ಆಮ್ಲಜನಕದ ಬದಲು ಕಬ್ಬಿಣದ ತುಕ್ಕನ್ನೂ ಸಲ್ಫೇಟನ್ನೂ ಬಳಸಿ ‘ಉಸಿರಾಡುತ್ತವೆ’. ಆ ವ್ಯವಹಾರದ ಶೇಷವಾಗಿ ಉಳಿಯುವ ಖನಿಜಗಳು ಇವೇ. ಜೀವವಿಲ್ಲದೆಯೂ ಇವು ಹುಟ್ಟಬಹುದು, ಆದರೆ ಅದಕ್ಕೆ ಸಾಮಾನ್ಯವಾಗಿ ಹೆಚ್ಚಿನ ಶಾಖ ಬೇಕು, ಮತ್ತು ಈ ಬಂಡೆ ಹಾಗೆ ಬೆಂದಿರುವ ಗುರುತಿಲ್ಲ. ಕಡಿಮೆ ಶಾಖದಲ್ಲಿ ಸಾವಯವ ವಸ್ತುಗಳೇ ಇದನ್ನು ನಿಧಾನವಾಗಿ ಮಾಡಿರುವ ಸಾಧ್ಯತೆಯನ್ನೂ ತಳ್ಳಿಹಾಕಲಾಗದು. ಜೋಯೆಲ್ ಹುರೊವಿಟ್ಜ್ ಮುಂದಾಳತ್ವದ ತಂಡ ಇದೆಲ್ಲವನ್ನೂ ಒಂದು ವರ್ಷಕ್ಕೂ ಹೆಚ್ಚು ಕಾಲ ತಿಕ್ಕಿ ನೋಡಿ, ಸಹವಿಜ್ಞಾನಿಗಳ ವಿಮರ್ಶೆಗೆ ಒಳಪಡಿಸಿ, ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸುವಾಗ ಬಳಸಿದ ಮಾತು ‘ಸಂಭಾವ್ಯ ಜೈವಿಕ ಕುರುಹು’ ಎಂಬುದಷ್ಟೇ. ಜೀವ ಪತ್ತೆಯ ಹಕ್ಕುಗಳನ್ನು ತೂಗಲು ನಾಸಾ ವಿಜ್ಞಾನಿಗಳು 2021ರಲ್ಲಿ ಏಳು ಮೆಟ್ಟಿಲುಗಳ ಮಾಪಕವೊಂದನ್ನು ಸೂಚಿಸಿದ್ದರು. ಅದರ ಪ್ರಕಾರ ಈ ಬಂಡೆ ಇನ್ನೂ ಕೆಳಗಿನ ಮೆಟ್ಟಿಲುಗಳಲ್ಲೇ ಇದೆ. ಹಕ್ಕನ್ನು ಇಷ್ಟು ಹಿಡಿದು ಮಂಡಿಸಿದ್ದಕ್ಕೇ ಬಹುಶಃ ಟಿ.ವಿ. ಚರ್ಚೆಗಳಲ್ಲಿ ಇದಕ್ಕೆ ಜಾಗ ಸಿಗಲಿಲ್ಲ.

ಕೆ2-18ಬಿ ಮತ್ತು ಈ ಬಂಡೆಯ ನಡುವೆ ಮೂಲಭೂತವಾದ ವ್ಯತ್ಯಾಸವೊಂದಿದೆ. 124 ಜ್ಯೋತಿರ್ವರ್ಷ ದೂರದ ಗಾಳಿಯನ್ನು ಸೀಸೆಯಲ್ಲಿ ತುಂಬಿ ತರುವ ಬಗೆ ಯಾರಿಗೂ ತಿಳಿದಿಲ್ಲ. ಅಲ್ಲಿನ ವಾದ ಬೆಳಕಿನ ಕಿರಣಗಳ ಮೇಲೆಯೇ ನಡೆಯಬೇಕು, ಬಹುಶಃ ಕೊನೆಯವರೆಗೂ ಅನುಮಾನದ ಎಳೆ ಉಳಿದೇ ಇರುತ್ತದೆ. ಬಂಡೆಯನ್ನಾದರೋ ಕೈಯಲ್ಲಿ ಹಿಡಿಯಬಹುದು. ರೋವರ್ ಅದನ್ನು ಕೊರೆದು ‘ಸಫೈರ್ ಕ್ಯಾನ್ಯನ್’ ಎಂಬ ಹೆಸರಿನ ಮಾದರಿಯನ್ನು ಲೋಹದ ಕೊಳವೆಯೊಳಗೆ ಮುಚ್ಚಿಟ್ಟುಕೊಂಡಿದೆ. ಭೂಮಿಯ ಪ್ರಯೋಗಾಲಯಕ್ಕೆ ಬಂದರೆ ಗಂಧಕದ ಮತ್ತು ಕಬ್ಬಿಣದ ಐಸೊಟೋಪ್‌ಗಳ ಅನುಪಾತ ಅಳೆಯಬಹುದು, ಚುಕ್ಕೆಗಳನ್ನು ತೆಳುವಾಗಿ ಸೀಳಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬಹುದು, ಇಂಗಾಲದ ಅಣುಗಳು ಯಾವುವೆಂದು ಒಂದೊಂದನ್ನೇ ಹೆಸರಿಸಬಹುದು. ಇದು ಯಾವುದನ್ನೂ ರೋವರ್ ಅಲ್ಲಿಯೇ ನಿಂತು ಮಾಡಲಾರದು. ದೂರದಲ್ಲಿ ಕೂತು ಯಂತ್ರದ ಮೂಲಕ ತೀರ್ಪು ಕೊಡುವುದು ಎಷ್ಟು ಕಷ್ಟವೆಂಬುದನ್ನು 1976ರ ವೈಕಿಂಗ್ ನೌಕೆಗಳೇ ಕಲಿಸಿವೆ: ಮಂಗಳದ ಮಣ್ಣಿಗೆ ಪೋಷಕ ದ್ರಾವಣ ಹಾಕಿದಾಗ ಅನಿಲ ಹೊಮ್ಮಿತು, ಆದರೆ ಮಣ್ಣಿನಲ್ಲಿ ಸಾವಯವ ವಸ್ತುವೇ ಕಾಣಲಿಲ್ಲ, ಅಲ್ಲಿನ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಲವಣವಿರುವುದು 2008ರಲ್ಲಿ ಫೀನಿಕ್ಸ್ ನೌಕೆಯಿಂದ ತಿಳಿದ ಮೇಲೆಯೇ, ಬಿಸಿ ಮಾಡಿದಾಗ ಆ ಲವಣ ಸಾವಯವ ವಸ್ತುವನ್ನು ಸುಟ್ಟುಹಾಕಿರಬಹುದೆಂಬ ವಿವರಣೆ ಹೊಳೆದದ್ದು. ಒಂದು ಪ್ರಯೋಗದ ಅರ್ಥ ಬಿಡಿಸಲು ಮೂವತ್ತೆರಡು ವರ್ಷ ಕಾಯಬೇಕಾಯಿತು.

ಆದರೆ ಆ ಕೊಳವೆಯನ್ನು ತರುವವರಾರು ಎಂಬುದು ಇಂದಿನ ನಿಜವಾದ ಪ್ರಶ್ನೆ. ಮಂಗಳದ ಮಾದರಿಗಳನ್ನು ತರುವ ಯೋಜನೆಗೆ 1,100 ಕೋಟಿ ಡಾಲರ್ ವೆಚ್ಚವಾಗಬಹುದು, ಮಾದರಿಗಳು 2040ಕ್ಕೆ ಮೊದಲು ಬರಲಾರವು ಎಂದು ನಾಸಾ 2024ರಲ್ಲಿ ಲೆಕ್ಕ ಕೊಟ್ಟು, ಅದು ಒಪ್ಪತಕ್ಕ ಮಾತಲ್ಲವೆಂದು ತಾನೇ ಹೇಳಿ, ಅಗ್ಗದ ದಾರಿ ಹುಡುಕತೊಡಗಿತು. ಮರುವರ್ಷದ ಮೇ ತಿಂಗಳಲ್ಲಿ ಅಮೆರಿಕದ ಆಡಳಿತ ಮುಂದಿಟ್ಟ ಬಜೆಟ್ ಪ್ರಸ್ತಾವದಲ್ಲಿ ಆ ಯೋಜನೆಯನ್ನೇ ಕೈಬಿಡಬೇಕೆಂದಿತ್ತು. ನಾಲ್ಕು ತಿಂಗಳಲ್ಲಿ ಅದೇ ಆಡಳಿತದ ಅಧಿಕಾರಿಗಳು ಚಿರತೆ ಚುಕ್ಕೆಗಳ ಶೋಧವನ್ನು ಹೆಮ್ಮೆಯಿಂದ ಘೋಷಿಸಿದರು. ಧೂಮಕೇತುವಿನ ಚಿತ್ರಗಳನ್ನು ಬಚ್ಚಿಟ್ಟಿದ್ದಾರೆಂದು ಲಕ್ಷಾಂತರ ಜನ ಸಿಟ್ಟಾದ ವರ್ಷದಲ್ಲಿ ಈ ವೈರುಧ್ಯದ ಬಗ್ಗೆ ಸಿಟ್ಟಾದವರು ಬಹಳ ಮಂದಿ ಕಾಣಲಿಲ್ಲ. ಚೀನಾ ತನ್ನ ತಿಯಾನ್ವೆನ್-3 ನೌಕೆಯನ್ನು 2028ರ ಸುಮಾರಿಗೆ ಕಳಿಸಿ, 2031ರ ಹೊತ್ತಿಗೆ ಮಂಗಳದಿಂದ ಕನಿಷ್ಠ 500 ಗ್ರಾಂ ಮಾದರಿ ತರುವ ಸಿದ್ಧತೆಯಲ್ಲಿದೆ. ಅದು ಯಶಸ್ವಿಯಾದರೆ ಮಂಗಳದ ಮಣ್ಣನ್ನು ಭೂಮಿಗೆ ತಂದ ಮೊದಲ ದೇಶವೆಂಬ ಕೀರ್ತಿ ಚೀನಾಕ್ಕೆ ಸಲ್ಲುತ್ತದೆ. ಆದರೆ ಆ ನೌಕೆ ತಾನು ಇಳಿದ ಜಾಗದಲ್ಲೇ ಎರಡು ಮೀಟರ್ ಆಳದವರೆಗೆ ಕೊರೆದು, ಸುತ್ತಮುತ್ತ ಸಿಕ್ಕಿದ್ದನ್ನು ತುಂಬಿಕೊಂಡು ಹೊರಡುತ್ತದೆ. ಜೆಜೆರೊದ ಚಿರತೆ ಚುಕ್ಕೆಗಳ ಕೊಳವೆ ಪರ್ಸಿವಿಯರೆನ್ಸ್ ರೋವರ್‌ನ ಒಳಗಿದೆ, ಅದನ್ನು ಎತ್ತಿಕೊಳ್ಳುವ ನೌಕೆಯನ್ನು ಸದ್ಯಕ್ಕೆ ಯಾವ ದೇಶವೂ ಕಟ್ಟಿ ನಿಲ್ಲಿಸಿಲ್ಲ.